ಜಹಾಂಗೀರನ ಹಕ್ಕಿ, ಕೃಷ್ಣೆಯ ದಂಡೆಯಲ್ಲಿ

1612ರಲ್ಲಿ ಮೊಗಲ ಬಾದಶಹ ಜಹಾಂಗೀರನ ಆಸ್ಥಾನಕ್ಕೆ ಗೋವೆಯಿಂದ ಒಂದು ವಿಚಿತ್ರ ಪಕ್ಷಿ ಬಂದಿತು. ತಂದವನು ಮುಕರ್ರಬ್ ಖಾನ್. ಗಾತ್ರದಲ್ಲಿ ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಚಿಕ್ಕದು. ಮದವೇರಿ ಗರಿ ಕೆದರಿ ನಿಂತರೆ ನವಿಲಿನದೇ ಠೀವಿ. ತಲೆ ಕೊರಳುಗಳ ಬಣ್ಣವೋ ಗೋಸುಂಬೆಯಂತೆ ಕ್ಷಣಕ್ಕೊಂದು. ಬಾದಶಹನು ಇದನ್ನೆಲ್ಲ ತನ್ನ ಆತ್ಮಚರಿತ್ರೆಯಲ್ಲಿ ಬಣ್ಣಿಸಿದ್ದಾನೆ. ಆಸ್ಥಾನದ ಚಿತ್ರಕಾರ ಮನ್ಸೂರನು ಬಿಡಿಸಿದ ಆ ಪಕ್ಷಿಯ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಅದೇ ಟರ್ಕಿ ಕೋಳಿ. ಇದರ ತವರು ತುರ್ಕಸ್ತಾನವಲ್ಲ, ಮೆಕ್ಸಿಕೋ. ಆಂಗ್ಲರು ತುರ್ಕರ ಹೆಸರಿಟ್ಟರು. ತುರ್ಕರು ಅದನ್ನು ‘ಹಿಂದಿ’ ಎಂದು ನಮ್ಮ ಕಡೆಗೆ ಬೆರಳು ಮಾಡಿದರು. ಪೋರ್ತುಗೀಜರು ‘ಪೇರು’ ಎಂದರು. ನಿಪ್ಪಾಣಿಯ ಸಂತೆಯಲ್ಲಿ ಪೇರು ಕೇಳಿದರೆ ಮಾರುವಾಕೆ ಹಣ್ಣಿನ ಬುಟ್ಟಿಯನ್ನೇ ಮುಂದೆ ಸರಿಸಿಯಾಳು!

ಗೋವೆಯಿಂದ ಘಟ್ಟ ಹತ್ತಿದರೆ ಬೆಳಗಾವಿ ಸೀಮೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಿತ್ತಿಲುಗಳಿಗೆ ಈ ಹಕ್ಕಿಯು ಜವಾರಿ ಕೋಳಿಯಷ್ಟು ಹಳೆಯ ನೆಂಟನಲ್ಲವಾದರೂ ಇಲ್ಲಿಯ ಬೆಳೆಗಳು ಅದಕ್ಕೆ ಒಗ್ಗುವಂಥವೇ ಆಗಿವೆ. ಗೋವಿನಜೋಳವಿದೆ, ಸೋಯಾ ಇದೆ, ಶೇಂಗಾ ಇದೆ. ಕೊರತೆಯಿರುವುದು ಮೇವಿನದಲ್ಲ, ತಿಳಿವಳಿಕೆಯದು. ಜವಾರಿ ಕೋಳಿಯನ್ನು ಸಾಕಿದ ಕೈ ಟರ್ಕಿಯನ್ನೂ ಸಾಕೀತೆಂಬ ನಂಬಿಕೆಯಲ್ಲಿಯೇ ಎಷ್ಟೋ ಮರಿಗಳು ಹದಿನೈದು ದಿನ ತುಂಬುವುದರೊಳಗೆ ಮಣ್ಣು ಸೇರುತ್ತವೆ.

ಟರ್ಕಿಯ ಹೇಂಟೆ ಸುಮಾರು 30 ವಾರಗಳ ಪ್ರಾಯಕ್ಕೆ ಮೊಟ್ಟೆಗೆ ಬರುತ್ತದೆ. ಮೊಟ್ಟೆಯ ತೂಕ ಸುಮಾರು 85 ಗ್ರಾಮು. ಮೈಮೇಲೆ ಕಂದು ಚುಕ್ಕೆ. ಹೆಚ್ಚಾಗಿ ಮಧ್ಯಾಹ್ನದ ಮೇಲೆ ಇಡುವುದರಿಂದ ಮುಂಜಾನೆ ಗೂಡು ಬರಿದಾಗಿದ್ದರೆ ನಿರಾಶೆ ಬೇಡ. ಕಾವಿಗೆಂದು ತೆಗೆದಿಟ್ಟ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ ತಂಪಿನಲ್ಲಿಡಬೇಕು; ಒಂದು ವಾರಕ್ಕೆ ಮಿಕ್ಕಿ ಇಡಲಾಗದು. ಕಾವಿಗೆ ಕೂತ ಟರ್ಕಿ ಹೇಂಟೆಯ ಕೆಳಗೆ ಹತ್ತರಿಂದ ಹದಿನೈದು ಮೊಟ್ಟೆಗಳನ್ನು ಇಡಬಹುದು. ಮರಿ ಹೊರಬರಲು 28 ದಿನ. ಎಂಟು ಹತ್ತು ದಿನಗಳಾದ ಮೇಲೆ ರಾತ್ರಿ ಬ್ಯಾಟರಿಯ ಬೆಳಕಿಗೆ ಹಿಡಿದು ನೋಡಿದರೆ ಜೀವವಿರುವ ಮೊಟ್ಟೆಯಲ್ಲಿ ಕೆಂಪು ನರಗಳ ಜಾಲ ಕಾಣುತ್ತದೆ, ಬರಿದಾದವನ್ನು ತೆಗೆದುಬಿಡಬೇಕು.

ಇಲ್ಲಿಯೇ ಹಳ್ಳಿಯ ಜಾಣತನವೊಂದು ತಲೆಹಾಕುತ್ತದೆ. ಜವಾರಿ ಹೇಂಟೆಯ ಕೆಳಗೆ ಟರ್ಕಿಯ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸುವುದು. ಆರೆಂಟು ಮೊಟ್ಟೆಗಳನ್ನು ಅದು ಮುಚ್ಚಬಲ್ಲದು, ನಿಜ. ಆದರೆ ತನ್ನ ಸ್ವಂತ ಮೊಟ್ಟೆಗಾದರೆ 21 ದಿನಕ್ಕೆ ಮುಗಿಯುವ ಕಾವು. ಇಲ್ಲಿ ಇನ್ನೂ ಒಂದು ವಾರ ಕೂರಬೇಕು. ಕೆಲವು ಹೇಂಟೆಗಳ ತಾಳ್ಮೆ ಆ ವಾರದಲ್ಲಿ ಮುಗಿಯುತ್ತದೆ. ಅದಕ್ಕಿಂತಲೂ ಮರಿಗಳು ಆ ಸಾಕುತಾಯಿಯ ಬೆನ್ನು ಹತ್ತಿ ಅಂಗಳ ಕೆದಕುವುದು ದೊಡ್ಡ ಅಪಾಯ. ಕೋಳಿಯ ಕರುಳಿನಲ್ಲಿರುವ ಒಂದು ಸಣ್ಣ ಹುಳುವಿನ ತತ್ತಿಗಳಲ್ಲಿ ಅಡಗಿ ಒಂದು ಸೂಕ್ಷ್ಮ ರೋಗಜೀವಿ ಮಣ್ಣಿಗೆ ಬರುತ್ತದೆ. ಆ ತತ್ತಿಗಳು ವರ್ಷಗಟ್ಟಲೆ ನೆಲದಲ್ಲಿ ಬದುಕಿರುತ್ತವೆ. ಎರೆಹುಳುವಿನ ಹೊಟ್ಟೆಯಲ್ಲಿಯೂ ಸೇರಿರುತ್ತವೆ. ಕೋಳಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ. ಟರ್ಕಿಯ ಮರಿಗಾದರೋ ಯಕೃತ್ತು ಕೆಡುತ್ತದೆ, ಗಂಧಕದಂಥ ಹಳದಿ ಹಿಕ್ಕೆ ಕಾಣುತ್ತದೆ, ಮರಿ ಕೂತಲ್ಲಿಯೇ ತೂಕಡಿಸಿ ಸಾಯುತ್ತದೆ. ‘ಕರಿತಲೆ ರೋಗ’ವೆಂದು ಇದರ ಹೆಸರು. ಆದುದರಿಂದ ಜವಾರಿ ಹೇಂಟೆಯಿಂದ ಕಾವು ಕೊಡಿಸಿದರೂ ಮರಿಗಳನ್ನು ಅದರ ಜೊತೆ ಬಿಡಲಾಗದು. ಕೋಳಿಗಳು ಓಡಾಡಿದ ನೆಲದಲ್ಲಿಯೂ ಬಿಡಲಾಗದು. ಒಂದೇ ಅಂಗಳದಲ್ಲಿ ಎರಡನ್ನೂ ಸಾಕುವ ಹಟ ಬಿಡುವುದೇ ಲೇಸು.

ಒಂದು ದಿನದ ಮರಿಯ ತೂಕ ಸುಮಾರು 50 ಗ್ರಾಮು. ಕೋಳಿಮರಿಯು ಹುಟ್ಟಿದ ದಿನವೇ ಕಾಳು ಕುಕ್ಕಲು ಕಲಿಯುತ್ತದೆ. ಟರ್ಕಿಯ ಮರಿ ಹಾಗಲ್ಲ. ಅದಕ್ಕೆ ಕಣ್ಣು ಮಂದ, ಮೈಯೆಲ್ಲ ಅಂಜಿಕೆ. ತುಂಬಿದ ಮೇವಿನ ತಟ್ಟೆಯ ಪಕ್ಕದಲ್ಲಿಯೇ ಹಸಿದು ಸಾಯುವ ಪ್ರಾಣಿ ಇದೊಂದೇ ಇರಬೇಕು! ಮೊದಲ ದಿನಗಳ ಸಾವಿನಲ್ಲಿ ಹಸಿವಿನ ಪಾಲು ದೊಡ್ಡದು. ಅದಕ್ಕಾಗಿ ತಜ್ಞರು ಹೇಳುವ ಕ್ರಮ ಸರಳವಾಗಿದೆ. ಮೊದಲ ಹದಿನೈದು ದಿನ ಒಂದು ಲೀಟರು ನೀರಿಗೆ 100 ಮಿಲಿಲೀಟರು ಹಾಲು ಬೆರೆಸಿ ಕುಡಿಯಲಿಡಬೇಕು. ಹತ್ತು ಮರಿಗೆ ಒಂದರಂತೆ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ತಿನ್ನಿಸಬೇಕು. ಹಸಿರು ಬಣ್ಣ ಈ ಮರಿಗಳನ್ನು ಸೆಳೆಯುತ್ತದೆ. ಸಣ್ಣಗೆ ಹೆಚ್ಚಿದ ಮೆಂತೆಪಲ್ಯವನ್ನು ಮೇವಿನ ಮೇಲೆ ಉದುರಿಸಿದರೆ ಅದನ್ನು ಕುಕ್ಕುತ್ತಲೇ ಕಾಳಿನ ರುಚಿ ಹತ್ತುತ್ತದೆ. ನೀರಿನ ತಟ್ಟೆಯಲ್ಲಿ ಮಕ್ಕಳಾಡುವ ಬಣ್ಣದ ಗೋಲಿಗಳನ್ನು ಹಾಕಿಡುವುದೂ ಇದೇ ಉಪಾಯ. ಹೊಳಪು ಕಂಡು ಕೊಕ್ಕು ಚಾಚಿದ ಮರಿಗೆ ನೀರು ತಾನಾಗಿ ಸಿಗುತ್ತದೆ. ಗೋಲಿಗಳಿದ್ದರೆ ಮರಿ ಮುಳುಗುವುದೂ ಇಲ್ಲ.

ಕಾವಿನ ಮನೆಯಲ್ಲಿ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು. ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸಬೇಕು. ಉಷ್ಣಮಾಪಕಕ್ಕಿಂತ ಮರಿಗಳೇ ಒಳ್ಳೆಯ ಸಾಕ್ಷಿ: ದೀಪದ ಕೆಳಗೆ ಒತ್ತಿಕೊಂಡರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಬೇಲಿ ದುಂಡಗಿರಬೇಕು, ಮೂಲೆಯಿದ್ದರೆ ಒಂದರ ಮೇಲೊಂದು ಬಿದ್ದು ಉಸಿರುಕಟ್ಟುತ್ತವೆ. ನೆಲಕ್ಕೆ ವರ್ತಮಾನಪತ್ರ ಹಾಸುವುದು ಸಲ್ಲದು. ನುಣುಪಿನ ಮೇಲೆ ಕಾಲು ಜಾರಿ ತೊಡೆ ಅಗಲಿಸಿ ಮರಿ ಕುಂಟಾಗುತ್ತದೆ. ಒರಟು ಗೋಣಿತಟ್ಟು ಮೇಲು.

ಎಳೆಯ ಮರಿಯ ಆಹಾರದಲ್ಲಿ ನೂರಕ್ಕೆ 28 ಪಾಲು ಸಸಾರಜನಕ ಬೇಕು. ಮಾಮೂಲಿ ಕೋಳಿಯ ಆಹಾರದಲ್ಲಿ ಅಷ್ಟು ಇರುವುದಿಲ್ಲ. ಈ ಕೊರತೆಯನ್ನು ತುಂಬಲು ಸೋಯಾ ಹಿಂಡಿ ಸೇರಿಸುವರು. ಶೇಂಗಾ ಹಿಂಡಿ ಅಗ್ಗವೆಂದು ಅದನ್ನು ಸುರಿಯುವವರೂ ಉಂಟು. ಅವರು 1960ರ ಇಂಗ್ಲೆಂಡಿನ ಕಥೆಯನ್ನು ಕೇಳಬೇಕು. ಆ ವರ್ಷ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಮರಿಗಳು ಕಾರಣ ತಿಳಿಯದೆ ಸತ್ತವು. ಹೆಸರಿಡಲು ತೋಚದೆ ‘ಟರ್ಕಿ ಎಕ್ಸ್ ರೋಗ’ವೆಂದರು. ಹುಡುಕುತ್ತ ಹೋದರೆ ಸುಳಿವು ಸಿಕ್ಕಿದ್ದು ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ. ಅದಕ್ಕೆ ಹತ್ತಿದ ಬೂಷ್ಟಿನಿಂದ ಹುಟ್ಟಿದ ವಿಷವೇ ಇಂದು ಜಗತ್ತೆಲ್ಲ ಅಂಜುವ ಅಫ್ಲಾಟಾಕ್ಸಿನ್. ಶೇಂಗಾ ಹಾಗೂ ಗೋವಿನಜೋಳ ಎರಡಕ್ಕೂ ತಗಲುವ ಈ ವಿಷವು ಮನುಷ್ಯನ ಯಕೃತ್ತನ್ನೂ ಬಿಡದು. ಮಳೆಗೆ ತೊಯ್ದು ಮಾರಾಟಕ್ಕೆ ಬಾರದ ತೆನೆಯನ್ನು ‘ಕೋಳಿಗಾದರೂ ಆಗಲಿ’ ಎಂದು ಎತ್ತಿಡುವ ಮನೆಯಲ್ಲಿ ಟರ್ಕಿ ಉಳಿಯಲಾರದು.

ರಾಣಿಖೇತ ರೋಗಕ್ಕೆ ಮೊದಲ ದಿನವೇ ಲಸಿಕೆ, ಆರನೆಯ ವಾರ ಮತ್ತೊಮ್ಮೆ. ನಾಲ್ಕೈದನೆಯ ವಾರದಲ್ಲಿ ಸಿಡುಬಿಗೆ. ಇದನ್ನು ಪಶುವೈದ್ಯರನ್ನು ಕೇಳಿಯೇ ಹಾಕಿಸಬೇಕು.

ಟರ್ಕಿಗೆ ಗಿರಾಕಿ ಹೆಚ್ಚುವುದು ನಾತಾಳದ ಹಬ್ಬಕ್ಕೆ. ಡಿಸೆಂಬರ್ 25ಕ್ಕೆ 24 ವಾರಗಳ ಹಕ್ಕಿ ಬೇಕೆಂದರೆ ಮರಿ ಜುಲೈ 10ರ ಸುಮಾರಿಗೆ ಹೊರಬರಬೇಕು. ಮೊಟ್ಟೆ ಜೂನ್ 12ಕ್ಕೆ ಕಾವಿಗೆ ಹೋಗಬೇಕು. ಅಂದರೆ ಮಿರಗದ ಮಳೆಯ ಬೆನ್ನಿಗೆ! ಮರಿಗಳು ಅತಿ ಎಳೆಯವಾಗಿರುವ ಹೊತ್ತಿಗೇ ಸುಳಿಗಾಳಿ, ತೇವ, ವಿದ್ಯುತ್ತಿನ ಕಣ್ಣುಮುಚ್ಚಾಲೆ. ಆದುದರಿಂದ ಹಾಸಲು ಬೇಕಾದ ಹೊಟ್ಟನ್ನು ಮೇ ತಿಂಗಳ ಬಿಸಿಲಿನಲ್ಲಿಯೇ ಒಣಗಿಸಿ ಚೀಲ ಕಟ್ಟಿಡಬೇಕು. ಕರೆಂಟು ಹೋದ ರಾತ್ರಿಗೆಂದು ಇದ್ದಿಲಿನ ಅಗ್ಗಿಷ್ಟಿಕೆಯೊಂದನ್ನು, ಹೊಗೆ ಹೊರಹೋಗುವ ಕಿಂಡಿಯ ಸಮೇತ, ಸಿದ್ಧವಿಟ್ಟುಕೊಳ್ಳಬೇಕು.