ನೆನಪಿನ ಶಕ್ತಿ ಇಲ್ಲ ಎನ್ನುವ ಮುನ್ನ

“ನಮ್ಮ ಹುಡುಗನಿಗೆ ನೆನಪಿನ ಶಕ್ತಿಯೇ ಇಲ್ಲ, ಎಷ್ಟು ಓದಿದರೂ ತಲೆಗೆ ಹತ್ತೋದಿಲ್ಲ” ಎನ್ನುವ ತಂದೆತಾಯಿ ಮುಂಬೈಯ ಯಾವ ಶಾಲೆಯಲ್ಲಾದರೂ ಸಿಗುತ್ತಾರೆ. ಅದೇ ಹುಡುಗನನ್ನು ಲೋಕಲ್ ಟ್ರೇನಿನ ಸ್ಟೇಷನ್ ಕೇಳಿ ನೋಡಿ. ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿ ರೋಡ್, ಗ್ರಾಂಟ್ ರೋಡ್ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಅದನ್ನು ಯಾರೂ ಅವನಿಗೆ ಪಾಠ ಮಾಡಿಲ್ಲ. ಹಾಗಾದರೆ ಅವನಲ್ಲಿ ನೆನಪಿನ ಶಕ್ತಿ ಇದೆ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಅಷ್ಟೇ.

ಉರ್ದುವಿನಲ್ಲಿ ನೆನಪಿನ ಶಕ್ತಿಗೆ ‘ಹಾಫಿಜಾ’ ಎನ್ನುತ್ತೇವೆ. ಕಾಪಾಡುವುದು ಎಂಬ ಅರ್ಥದ ‘ಹಿಫಾಜತ್’ ಕೂಡ ಅದೇ ಮೂಲದ್ದು. ಆದರೆ ಕಾಪಾಡುವುದು ನೆನಪಿನ ಮೂರು ಕೆಲಸಗಳಲ್ಲಿ ಒಂದು ಮಾತ್ರ. ಮೊದಲು ವಿಷಯ ಒಳಗೆ ಹೋಗಬೇಕು, ನಂತರ ಉಳಿಯಬೇಕು, ಕೊನೆಗೆ ಬೇಕಾದಾಗ ಹೊರಗೆ ಬರಬೇಕು. ಪರೀಕ್ಷೆಯಲ್ಲಿ “ಗೊತ್ತಿತ್ತು, ಆದರೆ ಬರೆಯೋಕೆ ಆಗಲಿಲ್ಲ” ಎನ್ನುವ ವಿದ್ಯಾರ್ಥಿ ಹೆಚ್ಚಾಗಿ ಸೋಲುವುದು ಈ ಮೂರನೆಯ ಕೆಲಸದಲ್ಲಿ.

ಮೂರು ಹಂತಗಳು

ಅಟ್ಕಿನ್ಸನ್ ಮತ್ತು ಶಿಫ್ರಿನ್ ಎಂಬ ಇಬ್ಬರು ವಿಜ್ಞಾನಿಗಳು 1968ರಲ್ಲಿ ನೆನಪನ್ನು ಮೂರು ಹಂತಗಳಾಗಿ ವಿವರಿಸಿದರು. ಮೊದಲನೆಯದು ಇಂದ್ರಿಯಗಳ ನೆನಪು. ಟ್ರೇನಿನಲ್ಲಿ ಮುಂದಿನ ಸ್ಟೇಷನ್ನಿನ ಹೆಸರು ಕೂಗಿದಾಗ ನಿಮ್ಮ ಗಮನ ಬೇರೆಲ್ಲೋ ಇರುತ್ತದೆ. “ಏನಂದ್ರು?” ಎಂದು ಪಕ್ಕದವರನ್ನು ಕೇಳುವಷ್ಟರಲ್ಲಿ ಆ ದನಿ ನಿಮ್ಮ ಕಿವಿಯಲ್ಲೇ ಮತ್ತೆ ಕೇಳಿಸಿದಂತಾಗುತ್ತದೆ. ಇದು ಕೆಲವೇ ಸೆಕೆಂಡು ಉಳಿಯುವ ನೆನಪು.

ಎರಡನೆಯದು ಅಲ್ಪಾವಧಿಯ ನೆನಪು. ಇದರಲ್ಲಿ ಜಾಗ ಬಹಳ ಕಡಿಮೆ. ಏಳರ ಆಸುಪಾಸಿನಷ್ಟು ಅಂಶಗಳು ಹಿಡಿಸುತ್ತವೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಂತರದ ಸಂಶೋಧಕರಲ್ಲಿ ಹಲವರು ನಾಲ್ಕರಷ್ಟೇ ಎನ್ನುತ್ತಾರೆ. ಆದರೆ ಬಿಡಿ ಅಂಶಗಳನ್ನು ಗಂಟು ಕಟ್ಟಿದರೆ ಇದೇ ಜಾಗದಲ್ಲಿ ಹೆಚ್ಚು ತುಂಬಬಹುದು. ಧಾರಾವಿಯ ಪಿನ್‌ಕೋಡ್ 400017, ಮಾಟುಂಗಾದ್ದು 400019. ಹೊಸಬರಿಗೆ ಇವು ಆರಾರು ಅಂಕಿ. ಮುಂಬೈಯ ಪಿನ್‌ಕೋಡ್ 400ರಿಂದ ಶುರು ಎಂದು ಬಲ್ಲವರಿಗೆ ನೆನಪಿಡಬೇಕಾದ್ದು 17, 19 ಅಷ್ಟೇ. ಇಲ್ಲಿಯ ಡಬ್ಬಾವಾಲಾಗಳು ಮಾಡುವುದೂ ಇದನ್ನೇ. ಸಾವಿರಾರು ವಿಳಾಸಗಳನ್ನು ಅವರು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ. ಮುಚ್ಚಳದ ಮೇಲಿನ ಬಣ್ಣ, ಅಕ್ಷರ, ಅಂಕಿಗಳ ಪುಟ್ಟ ಗುರುತಿನಲ್ಲಿ ಡಬ್ಬ ಇಳಿಯಬೇಕಾದ ಸ್ಟೇಷನ್, ಕಟ್ಟಡ, ಮಹಡಿ ಎಲ್ಲವೂ ಅಡಗಿರುತ್ತದೆ.

ಮೂರನೆಯದು ದೀರ್ಘಾವಧಿಯ ನೆನಪು. ಇದರಲ್ಲಿಯೂ ಬೇರೆ ಬೇರೆ ವಿಧಗಳಿವೆ.

ತಿಳಿದದ್ದು, ಅನುಭವಿಸಿದ್ದು, ಕೈಗೆ ಬಂದದ್ದು

2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಇದನ್ನು ಓದಿ ತಿಳಿದುಕೊಂಡರೆ ಅದು ತಿಳಿವಳಿಕೆಯ ನೆನಪು. ಅಂದು ಸೊಂಟದವರೆಗಿನ ನೀರಿನಲ್ಲಿ ಮನೆಗೆ ನಡೆದವರಿಗೆ ಅದು ಘಟನೆಯ ನೆನಪು. ಈ ಎರಡನ್ನೂ ಬೇರ್ಪಡಿಸಿ ತೋರಿಸಿದವರು ಎಂಡೆಲ್ ಟಲ್ವಿಂಗ್, 1972ರಲ್ಲಿ. ಇನ್ನೊಂದು ಕೌಶಲದ ನೆನಪು: ಸೈಕಲ್ ತುಳಿಯುವುದು, ರೊಟ್ಟಿ ತಟ್ಟುವುದು, ತುಂಬಿದ ಮರದ ಹಲಗೆಯನ್ನು ತಲೆಯ ಮೇಲಿಟ್ಟು ಡಬ್ಬಾವಾಲಾ ಜನಜಂಗುಳಿಯಲ್ಲಿ ನಡೆಯುವುದು. ಇದನ್ನು ಬಾಯಿಂದ ವಿವರಿಸುವುದು ಕಷ್ಟ, ಕೈಕಾಲಿಗೆ ಮಾತ್ರ ಗೊತ್ತು.

ಇವು ನಿಜಕ್ಕೂ ಬೇರೆ ಬೇರೆ ಎಂದು ತಿಳಿದದ್ದು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ರೋಗಿಯಿಂದ. ಮೂರ್ಛೆರೋಗಕ್ಕೆಂದು 1953ರಲ್ಲಿ ಅವರ ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗದ ಬಹುಪಾಲನ್ನು ತೆಗೆಯಲಾಯಿತು. ಆಮೇಲೆ ಹೊಸದೇನೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ಬಿಡಿಸಲು ಕೊಟ್ಟಾಗ ಅವರ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದಿನ ದಿನ ಬಿಡಿಸಿದ್ದೇ ಅವರಿಗೆ ನೆನಪಿರಲಿಲ್ಲ!

ಗಟ್ಟಿಯಾಗಿ ನೆನಪಿದ್ದದ್ದೆಲ್ಲ ಸತ್ಯವೇ?

ಅಲ್ಲ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿದ ಮರುದಿನ ಅಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ನೀವೆಲ್ಲಿದ್ದಿರಿ ಎಂದು ಬರೆಸಿಕೊಂಡರು. ಎರಡು-ಮೂರು ವರ್ಷಗಳ ನಂತರ ಮತ್ತೆ ಕೇಳಿದಾಗ ಅನೇಕರು ಬೇರೆಯೇ ಕಥೆ ಹೇಳಿದರು, ಅದೂ ಪೂರ್ತಿ ವಿಶ್ವಾಸದಿಂದ. ನೆನಪು ಫೋಟೋ ಅಲ್ಲ. ಪ್ರತಿ ಸಲ ಹೊರತೆಗೆಯುವಾಗ ಮೆದುಳು ಅದನ್ನು ಮತ್ತೆ ಕಟ್ಟುತ್ತದೆ. ಮನೆಯ ಹಳೆಯ ಜಗಳಗಳಲ್ಲಿ “ನೀನು ಹಾಗೆಯೇ ಅಂದಿದ್ದೆ” ಎಂದು ಹಟ ಹಿಡಿಯುವ ಮೊದಲು ಇದು ನಮ್ಮ ಗಮನದಲ್ಲಿರಲಿ.

ಉಳಿಸಿಕೊಳ್ಳುವುದು ಹೇಗೆ?

ಹೊಸದಾಗಿ ಕಲಿತದ್ದರಲ್ಲಿ ಹೆಚ್ಚು ಭಾಗ ಮೊದಲ ಒಂದೆರಡು ದಿನದಲ್ಲೇ ಹೋಗಿಬಿಡುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ. ಜರ್ಮನಿಯ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಇದನ್ನು ಪ್ರಕಟಿಸಿದರು. ಮರೆಯುವುದು ದಡ್ಡತನವಲ್ಲ, ಅದು ಮೆದುಳಿನ ಸ್ವಭಾವ.

ಇದಕ್ಕೆ ಮದ್ದು ನಮ್ಮ ಮದ್ರಸಾಗಳಲ್ಲೇ ಇದೆ. ಹಿಫ್ಜ್ ಮಾಡುವ ಮಗು ಹೊಸ ಪಾಠವಾದ ‘ಸಬಖ್’ ಒಂದನ್ನೇ ಒಪ್ಪಿಸಿದರೆ ಸಾಲದು. ಇತ್ತೀಚಿನ ಪಾಠವಾದ ‘ಸಬ್ಖೀ’, ಹಳೆಯ ಪಾಠವಾದ ‘ಮಂಜಿಲ್’ ಎರಡನ್ನೂ ಪುಸ್ತಕ ಮುಚ್ಚಿ ಉಸ್ತಾದರಿಗೆ ಒಪ್ಪಿಸಬೇಕು. ಆರು ಸಾವಿರಕ್ಕೂ ಹೆಚ್ಚು ಆಯತ್‌ಗಳು ನಿಲ್ಲುವುದು ಈ ಶಿಸ್ತಿನಿಂದ. ಇದರಲ್ಲಿ ಎರಡು ತತ್ವಗಳಿವೆ: ಬಿಡುವು ಕೊಟ್ಟು ಮತ್ತೆ ಓದುವುದು, ನೋಡದೆ ಹೇಳುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ನಡೆಸಿದ ಪ್ರಯೋಗವೂ ಇದನ್ನೇ ತೋರಿಸಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ, ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ, ಓದಿದ್ದನ್ನು ನೋಡದೆ ಬರೆದು ಅಭ್ಯಾಸ ಮಾಡಿದವರು ಮುಂದಿದ್ದರು.

ಅದಕ್ಕೇ ವಿದ್ಯಾರ್ಥಿಗಳೇ, ಪುಟವನ್ನು ಹತ್ತು ಸಲ ಓದಬೇಡಿ. ಎರಡು ಸಲ ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆಯಿರಿ. ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಮತ್ತೊಮ್ಮೆ ಬರೆಯಿರಿ. ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುವ ಪಾಠವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ತಂಗಿಗೆ ವಿವರಿಸಿ. ಅರ್ಥವಾದದ್ದು ಬೇಗ ಕಳಚಿ ಹೋಗುವುದಿಲ್ಲ. ಮತ್ತು ನಿದ್ದೆ ಕೆಡಬೇಡಿ, ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡುವುದು ನಿದ್ದೆಯಲ್ಲಿ.

ತಂದೆತಾಯಿಗಳಿಗೂ ಒಂದು ಮಾತು. ಹತ್ತು ಬೈ ಹತ್ತರ ಖೋಲಿಯಲ್ಲಿ ಟಿವಿ ಹಾಡುತ್ತಿದ್ದರೆ ಪಾಠ ಒಳಗೇ ಹೋಗದು, ಇನ್ನು ಉಳಿಯುವುದೆಲ್ಲಿಂದ? ದಿನಕ್ಕೆ ಒಂದು ಗಂಟೆ ಅದನ್ನು ಆರಿಸಿ. ಹತ್ತಿರದಲ್ಲಿ ಅಭ್ಯಾಸಿಕಾ ಇದ್ದರೆ ಮಗುವನ್ನು ಅಲ್ಲಿಗೆ ಕಳಿಸಿ. ನೆನಪಿನ ಶಕ್ತಿಯಿಲ್ಲ ಎಂಬ ಮಾತನ್ನು ಮಾತ್ರ ಅದರ ಮುಂದೆ ಆಡಬೇಡಿ. ಪಾಠ ಮರೆಯುವ ಮಗು ಆ ಮಾತನ್ನು ಮರೆಯುವುದಿಲ್ಲ.