ಥೈರಾಯ್ಡ್ ಗಂಟುಗಳ ನಿದಾನದಲ್ಲಿ ಸೂಜಿ ಪರೀಕ್ಷೆಯ ನಿಖರತೆ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಪೀಠಿಕೆ

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಕಾಣಿಸಿಕೊಳ್ಳುವುದು ವಿರಳವೇನಲ್ಲ. ವಯಸ್ಕರಲ್ಲಿ ಸುಮಾರು ಶೇ. 4ರಿಂದ 7ರಷ್ಟು ಮಂದಿಯಲ್ಲಿ ಅದು ಕೈಗೆ ತಗಲುತ್ತದೆ. ಮಹಿಳೆಯರಲ್ಲಿ ಈ ಪ್ರಮಾಣ ಹೆಚ್ಚು. ಇವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದುದರಿಂದ ಯಾವ ಗಂಟಿಗೆ ಶಸ್ತ್ರಚಿಕಿತ್ಸೆ ಅಗತ್ಯ, ಯಾವುದಕ್ಕೆ ಅನಗತ್ಯ ಎಂಬುದನ್ನು ನಿರ್ಧರಿಸುವುದೇ ವೈದ್ಯರ ಮುಂದಿರುವ ಮುಖ್ಯ ಪ್ರಶ್ನೆ. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಹಾಗೂ ಗೋಕಾಕದಿಂದ ಬೇರ್ಪಟ್ಟ ಮೂಡಲಗಿಯಂತಹ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಮಹತ್ವದ್ದು. ದೊಡ್ಡ ಆಸ್ಪತ್ರೆಗಾಗಿ ಜಿಲ್ಲಾ ಕೇಂದ್ರಕ್ಕೆ ತೆರಳುವ ಕುಟುಂಬಕ್ಕೆ ಅನಗತ್ಯ ಶಸ್ತ್ರಚಿಕಿತ್ಸೆಯು ಖರ್ಚು ಮತ್ತು ಕೂಲಿಯ ನಷ್ಟವನ್ನು ತರುತ್ತದೆ. ಗ್ರಂಥಿಯನ್ನು ಪೂರ್ಣವಾಗಿ ತೆಗೆದಲ್ಲಿ ಜೀವನಪರ್ಯಂತ ಥೈರಾಕ್ಸಿನ್ ಮಾತ್ರೆ ಸೇವಿಸಬೇಕಾಗುತ್ತದೆ. ಕ್ಯಾನ್ಸರ್ ತಪ್ಪಿಹೋದರೆ ಆಗುವ ಹಾನಿ ಬೇರೆಯೇ.

ಪರೀಕ್ಷೆಯ ವಿಧಾನ

ಸೂಜಿಯಿಂದ ಗಂಟಿನ ಕೋಶಗಳನ್ನು ಹೀರುವ ಕ್ರಮವನ್ನು 1930ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲಿಸ್ ವರದಿ ಮಾಡಿದರು. ಇಂದು 23ರಿಂದ 27 ಗೇಜಿನ ಸಣ್ಣ ಸೂಜಿಯನ್ನು ಬಳಸಿ, ದೊರೆತ ದ್ರವ್ಯವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಲಾಗುತ್ತದೆ. ರೂಢಿಯಲ್ಲಿ ಇದನ್ನು ಬಯಾಪ್ಸಿ ಎಂದರೂ ಇಲ್ಲಿ ಸಿಗುವುದು ಬಿಡಿ ಕೋಶಗಳೇ ಹೊರತು ಅಂಗಾಂಶದ ತುಂಡಲ್ಲ. ಫಾಲಿಕ್ಯುಲರ್ ಗಂಟುಗಳಲ್ಲಿ ಕ್ಯಾನ್ಸರನ್ನು ಗುರುತಿಸಲು ಗಂಟಿನ ಕೋಶಗಳು ಹೊದಿಕೆಯನ್ನೋ ರಕ್ತನಾಳವನ್ನೋ ಭೇದಿಸಿವೆಯೇ ಎಂದು ನೋಡಬೇಕು. ಅದು ಬಿಡಿ ಕೋಶಗಳಲ್ಲಿ ಕಾಣದು. ಪರೀಕ್ಷೆಯ ಮೂಲಭೂತ ಮಿತಿ ಇದು.

ವರದಿಯ ವರ್ಗೀಕರಣ

2007ರ ಸಮ್ಮೇಳನದಿಂದ ರೂಪುಗೊಂಡ ಬೆಥೆಸ್ಡಾ ಪದ್ಧತಿಯು ವರದಿಗಳನ್ನು ಆರು ವರ್ಗಗಳಾಗಿ ವಿಂಗಡಿಸುತ್ತದೆ. 2023ರ ಮೂರನೆಯ ಆವೃತ್ತಿಯ ಪ್ರಕಾರ ಕ್ಯಾನ್ಸರಿನ ಸರಾಸರಿ ಸಂಭವ ಅಪಾಯರಹಿತ ವರ್ಗದಲ್ಲಿ ಶೇ. 4, ಅನಿಶ್ಚಿತ ವರ್ಗದಲ್ಲಿ 22, ಫಾಲಿಕ್ಯುಲರ್ ವರ್ಗದಲ್ಲಿ 30, ಸಂಶಯಾಸ್ಪದದಲ್ಲಿ 74, ಕ್ಯಾನ್ಸರ್ ವರ್ಗದಲ್ಲಿ 97. ಸಾಕಷ್ಟು ಕೋಶಗಳಿಲ್ಲದ ಮೊದಲ ವರ್ಗದಲ್ಲಿಯೂ ಅದು ಶೇ. 13. ಸಾಮಾನ್ಯವಾಗಿ ತಲಾ ಹತ್ತು ಕೋಶಗಳುಳ್ಳ ಆರು ಗುಂಪುಗಳಾದರೂ ಇದ್ದರೆ ಮಾತ್ರ ಮಾದರಿ ಸಾಕಷ್ಟು ಎನಿಸುತ್ತದೆ. 'ಕೋಶಗಳು ಸಾಲದು' ಎಂಬ ವರದಿಯನ್ನು 'ಕ್ಯಾನ್ಸರ್ ಇಲ್ಲ' ಎಂದು ಗ್ರಹಿಸುವುದು ಅಪಾಯಕರ.

ನಿಖರತೆಯ ಅರ್ಥ

ಗಾರಿಬ್ ಮತ್ತು ಗೋಲ್ನರ್ ಅವರ 1993ರ ವಿಮರ್ಶಾ ಲೇಖನದಲ್ಲಿ ಪರೀಕ್ಷೆಯ ಸರಾಸರಿ ಸಂವೇದನಶೀಲತೆ ಶೇ. 83, ನಿರ್ದಿಷ್ಟತೆ ಶೇ. 92. ನಿದರ್ಶನಕ್ಕಾಗಿ ಸಾವಿರ ರೋಗಿಗಳಲ್ಲಿ 100 ಮಂದಿಗೆ ಕ್ಯಾನ್ಸರ್ ಇದೆಯೆಂದು ಭಾವಿಸೋಣ. ಪರೀಕ್ಷೆಯು 83 ಮಂದಿಯನ್ನು ಗುರುತಿಸುತ್ತದೆ, 17 ಮಂದಿಯನ್ನು ಬಿಡುತ್ತದೆ. ಕ್ಯಾನ್ಸರ್ ಇಲ್ಲದ 900 ಮಂದಿಯಲ್ಲಿ 72 ಮಂದಿಯನ್ನು ತಪ್ಪಾಗಿ ಶಂಕಿಸುತ್ತದೆ. ಶಂಕಿತರು ಒಟ್ಟು 155. ಅವರಲ್ಲಿ ನಿಜವಾದ ರೋಗಿಗಳು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಕ್ಯಾನ್ಸರ್ ಪೀಡಿತರು 300 ಇದ್ದಲ್ಲಿ ಶಂಕಿತರು 305, ನಿಜ ರೋಗಿಗಳು 249, ಅಂದರೆ ಸುಮಾರು ಶೇ. 82. ಆಗ ತಪ್ಪಿಹೋಗುವವರು 51. ಪರೀಕ್ಷೆ ಬದಲಾಗಿಲ್ಲ, ಪರೀಕ್ಷೆಗೆ ಒಳಗಾದವರು ಬದಲಾಗಿದ್ದಾರೆ.

ದೊಡ್ಡ ಆಸ್ಪತ್ರೆಗಳ ಅಧ್ಯಯನಗಳು ಶಸ್ತ್ರಚಿಕಿತ್ಸೆಗೆ ಒಳಗಾದವರನ್ನೇ ಆಧರಿಸುವುದು ಹೆಚ್ಚು. ಏಕೆಂದರೆ ಅಂತಿಮ ಸತ್ಯ ತಿಳಿಯುವುದು ತೆಗೆದ ಅಂಗಾಂಶದಿಂದ. ಅಪಾಯರಹಿತವೆಂದು ಮನೆಗೆ ಕಳುಹಿಸಲ್ಪಟ್ಟವರು ಆ ಲೆಕ್ಕದಿಂದ ಹೊರಗುಳಿಯುತ್ತಾರೆ. ಅಂತಹ ಅಂಕಿಅಂಶಗಳನ್ನು ತಾಲ್ಲೂಕು ಆಸ್ಪತ್ರೆಗೆ ಬರುವ ಎಲ್ಲ ರೋಗಿಗಳಿಗೂ ಯಥಾವತ್ತಾಗಿ ಅನ್ವಯಿಸಲಾಗದು.

ಉಪಸಂಹಾರ

ಸೂಜಿ ಪರೀಕ್ಷೆಯು ಸುಲಭ, ಅಗ್ಗ ಮತ್ತು ಬಹುಮಟ್ಟಿಗೆ ಸುರಕ್ಷಿತ. ಆದರೆ ಅದರ ನಿಖರತೆ ಸೂಜಿಯೊಂದರ ಗುಣವಲ್ಲ. ಅಲ್ಟ್ರಾಸೌಂಡಿನ ಮಾರ್ಗದರ್ಶನ, ಮಾದರಿಯ ಸಮರ್ಪಕತೆ, ಕೋಶತಜ್ಞರ ಅನುಭವ, ರೋಗಿಯ ಮರುಭೇಟಿ ಇವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಈ ಮೂರು ತಾಲ್ಲೂಕುಗಳ ರೋಗಿಗಳಿಗೆ ಸಂಬಂಧಿಸಿದ ಅಧ್ಯಯನವು ಶಸ್ತ್ರಚಿಕಿತ್ಸೆ ಆದವರನ್ನಷ್ಟೇ ಅಲ್ಲದೆ, ಆಗದೆ ಊರಿಗೆ ಮರಳಿದವರನ್ನೂ ವರ್ಷಗಟ್ಟಲೆ ಅನುಸರಿಸಿದಾಗ ಮಾತ್ರ ಅದರ ಅಂಕಿಗಳು ಸ್ಥಳೀಯ ವೈದ್ಯರಿಗೆ ನಿಜವಾದ ಆಧಾರವಾಗಬಲ್ಲವು.