ಇನ್‌ಸ್ಟಾಲ್ ಎಲ್ಲಿ ನಿಂತಿತು?

ದಿನವೂ ತಕರಾರಿಲ್ಲದೆ ನಡೆಯುವ ಹಳೆಯ ಕಂಪ್ಯೂಟರ್, ಹೊಸ ಓಎಸ್ ಹಾಕಲು ಹೊರಟಾಗ ಅರ್ಧಕ್ಕೇ ಹ್ಯಾಂಗ್ ಆಗುತ್ತದೆ. ಬೈಗುಳವೆಲ್ಲ ಹೊಸ ಓಎಸ್‌ಗೆ. ಆದರೆ ಎಷ್ಟೋ ಸಲ ದೋಷ ಯಂತ್ರದೊಳಗೆ ಮೊದಲೇ ಇರುತ್ತದೆ, ಯಾವ ಕೆಲಸವೂ ಅದನ್ನು ತಟ್ಟಿರುವುದಿಲ್ಲ ಅಷ್ಟೆ.

ಇನ್‌ಸ್ಟಾಲ್ ಎಂದರೆ ಒತ್ತಿ ಕಿರಿದು ಮಾಡಿದ ಸಾವಿರಾರು ಫೈಲುಗಳನ್ನು ಬಿಚ್ಚಿ ಡಿಸ್ಕಿಗೆ ಬರೆಯುವುದು. ಪ್ರೊಸೆಸರ್‌ಗೆ ಬಿಡುವಿಲ್ಲ; ಪತ್ರ ಟೈಪ್ ಮಾಡುವಾಗ ಖಾಲಿ ಬಿದ್ದಿರುವ ರ‍್ಯಾಮ್ ಮೂಲೆಗಳೂ ಈಗ ತುಂಬುತ್ತವೆ. ಪರದೆಗೆ ಹೋಗುವ ಚಿತ್ರದಲ್ಲಿ ಒಂದು ಬಿಟ್ ಕೆಟ್ಟರೆ ಒಂದು ಚುಕ್ಕೆಯ ಬಣ್ಣ ಬದಲಾದೀತು, ಯಾರಿಗೂ ಕಾಣದು. ಒತ್ತಿಟ್ಟ ಫೈಲಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಬಿಟ್ಟಿನ ಅರ್ಥವೂ ಹಿಂದಿನದರ ಮೇಲೆ ನಿಂತಿರುವುದರಿಂದ, ಒಂದು 0 ಜಾರಿ 1 ಆದರೂ ಮುಂದಿನದೆಲ್ಲ ಕಲಸುಮೇಲೋಗರ.

ಹಾಗಾಗಿ ಮೊದಲು ಮಾಡಬೇಕಾದ್ದು ಏನನ್ನೂ ಬದಲಿಸದೆ ಇನ್ನೊಮ್ಮೆ ಇನ್‌ಸ್ಟಾಲ್ ಓಡಿಸುವುದು. ಈ ಸಲವೂ ಅದೇ ಹಂತದಲ್ಲಿ ನಿಂತಿತೇ?

ಅದೇ ಹಂತವಾದರೆ ಪೆನ್‌ಡ್ರೈವ್‌ನಲ್ಲಿರುವ ಓಎಸ್ ಪ್ರತಿ ಕೆಟ್ಟಿದೆಯೇ ಎಂದು, ಅದರ ಚೆಕ್‌ಸಮ್ (ತಾಳೆ ಸಂಖ್ಯೆ) ಮೂಲದ್ದರೊಡನೆ ಹೋಲಿಸಿ ನೋಡಬೇಕು. ಅದು ಸರಿಯಿದ್ದರೆ, ಈ ಯಂತ್ರಕ್ಕೆ ಗೊತ್ತಿಲ್ಲದ ಆಜ್ಞೆಯನ್ನು ಓಎಸ್ ಕೇಳುತ್ತಿರಬಹುದು. ಒಂದು ಸಂಖ್ಯೆಯಲ್ಲಿರುವ 1ಗಳನ್ನು ಎಣಿಸುವ 'ಪಾಪ್‌ಕೌಂಟ್' ಆಜ್ಞೆ 2006ರ ಕೋರ್ 2 ಡ್ಯುಯೋ ಪ್ರೊಸೆಸರ್‌ನಲ್ಲಿಲ್ಲ. 2024ರ ವಿಂಡೋಸ್ 11 ಆವೃತ್ತಿ ಅದಿಲ್ಲದೆ ಬೂಟ್ ಆಗುವುದೇ ಇಲ್ಲ. ಇದಕ್ಕಿಂತ ವಿಚಿತ್ರವಾದದ್ದು ಪೆಂಟಿಯಂ ಎಂ ಪ್ರಕರಣ. 32 ಬಿಟ್ ಪ್ರೊಸೆಸರ್‌ಗಳು 4 ಗಿಗಾಬೈಟ್ ಮಿತಿ ದಾಟಲು ಪಿಎಇ ಎಂಬ ವ್ಯವಸ್ಥೆಯಿದೆ. ಆರಂಭದ ಪೆಂಟಿಯಂ ಎಂ ಚಿಪ್‌ಗಳಲ್ಲಿ ಅದು ಇತ್ತು. ಆದರೆ 'ನಿನಗೇನೇನು ಬರುತ್ತದೆ' ಎಂದು ಕೇಳಿದರೆ ಪಟ್ಟಿಯಲ್ಲಿ ಅದನ್ನು ಹೇಳುತ್ತಿರಲಿಲ್ಲ! 2012ರ ಉಬುಂಟು 12.10 ಪಿಎಇ ಕಡ್ಡಾಯ ಮಾಡಿದಾಗ ಎಷ್ಟೋ ಗಟ್ಟಿಮುಟ್ಟು ಲ್ಯಾಪ್‌ಟಾಪ್‌ಗಳು ಸುಮ್ಮನೆ ಹೊರಗುಳಿದವು. 2014ರ 14.04ರಲ್ಲಿ 'ಫೋರ್ಸ್‌ಪಿಎಇ' ಎಂದು ಬೂಟ್ ಸಾಲಿಗೆ ಸೇರಿಸಿದರೆ ಸಾಕಾಯಿತು.

ಒಂದೊಂದು ಸಲ ಒಂದೊಂದು ಕಡೆ ನಿಂತರೆ ಅನುಮಾನ ಹಾರ್ಡ್‌ವೇರ್ ಮೇಲೆ. ಫ್ಯಾನಿನ ಧೂಳು ತೆಗೆಯಿರಿ. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿ. ನನ್ನ ಮೊದಲ ಗುಮಾನಿ ಮಾತ್ರ ಯಾವಾಗಲೂ ರ‍್ಯಾಮ್. ಬಿಟ್ ಕೆಟ್ಟರೆ ಕಾಸ್ಮಿಕ್ ಕಿರಣವನ್ನು ದೂರುವುದು ಕೇಳಲು ಚೆಂದ. ಆದರೆ ಗೂಗಲ್ ತನ್ನ ಸರ್ವರ್‌ಗಳಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು: ವರ್ಷಕ್ಕೆ ಶೇ. 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ತಪ್ಪು ಕಂಡಿತು, ಅದರಲ್ಲಿ ಹೆಚ್ಚಿನದು ಆಕಸ್ಮಿಕವಲ್ಲ, ಹಾರ್ಡ್‌ವೇರ್ ದೋಷದ್ದು. ಸರ್ವರ್‌ಗಳಲ್ಲಿ ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳಿರುತ್ತವೆ. ಸಾಮಾನ್ಯ ಮನೆ ಕಂಪ್ಯೂಟರಿನಲ್ಲಿ ಇರುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿಯವರಂತೆ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು ಮೂಢನಂಬಿಕೆಯೇನಲ್ಲ, ಕೊಳೆ ಹೋಗಿ ಸಂಪರ್ಕ ಸರಿಹೋಗುತ್ತದೆ. ಜೋರಾಗಿ ಉಜ್ಜಿದರೆ ಲೇಪವೇ ಹೋದೀತು. ಬಳಿಕ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಲಿ. 1994ರಲ್ಲಿ ಕ್ರಿಸ್ ಬ್ರೇಡಿ ಬರೆದ ಈ ತಂತ್ರಾಂಶ ಓಎಸ್ ಇಲ್ಲದೆಯೇ ಓಡಿ, ಮೆಮೊರಿಯ ಮೂಲೆಮೂಲೆಗೂ ಅಂಕಿ ಬರೆದು, ಮರಳಿ ಓದಿ ತಾಳೆ ನೋಡುತ್ತದೆ.

ಕೆಟ್ಟ ಜಾಗದ ವಿಳಾಸ ಸಿಕ್ಕಿತು, ಬದಲಿ ರ‍್ಯಾಮ್ ಮಾತ್ರ ಸಿಗಲಿಲ್ಲ ಎಂದರೂ ಲಿನಕ್ಸ್‌ನಲ್ಲಿ ದಾರಿಯಿದೆ: 'ಮೆಮ್‌ಮ್ಯಾಪ್' ಸೂಚನೆ ಕೊಟ್ಟರೆ ಓಎಸ್‌ನ ತಿರುಳಾದ ಕರ್ನಲ್ ಅಷ್ಟು ಜಾಗವನ್ನು ಬಿಟ್ಟು ನಡೆಯುತ್ತದೆ. ಕೆಟ್ಟ ವಿಳಾಸಗಳು ಹೆಚ್ಚುತ್ತಲೇ ಹೋದರೆ ಈ ಉಪಾಯವೂ ನಡೆಯದು.